ಅಮ್ಮನನ್ನು ನೋಡಿಕೊಳ್ಳೋಕೆ ಏಜೆನ್ಸಿಯವರಾ, ಪರಿಚಯದವರಾ?

ಪ್ರಶ್ನೆ: ನಮ್ಮ ಅಮ್ಮನಿಗೆ 74 ವರ್ಷ. ಐದು ವಾರದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ಅರ್ಧಂಬರ್ಧ. ಆಸ್ಪತ್ರೆಯಲ್ಲಿ ಹಾಕಿದ್ದ ಮೂಗಿನ ನಳಿಕೆ ತೆಗೆದಿದ್ದಾರೆ, ಈಗ ಮೆತ್ತಗಿನ ಊಟವನ್ನು ಬಾಯಲ್ಲೇ ಕೊಡುತ್ತಿದ್ದೇವೆ. ಶುಗರ್ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಮೈಸೂರಿನ ಮನೆಯಲ್ಲಿ ಅಮ್ಮ, 79 ವರ್ಷದ ಅಪ್ಪ ಇಬ್ಬರೇ. ನನಗೆ ಬೆಂಗಳೂರಿನಲ್ಲಿ ಕೆಲಸ, ರಜೆ ಮುಗಿಯುತ್ತಾ ಬಂತು. ಅಣ್ಣ ಅಮೆರಿಕದಲ್ಲಿದ್ದಾನೆ. ಒಂದು ಏಜೆನ್ಸಿಯವರು 24 ಗಂಟೆ ಮನೆಯಲ್ಲೇ ಇರುವವರಿಗೆ ತಿಂಗಳಿಗೆ 32,000 ಕೇಳುತ್ತಿದ್ದಾರೆ, ಮೇಲೆ 10,000 ಡಿಪಾಸಿಟ್. ಪಕ್ಕದ ಬೀದಿಯವರ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡಿದ್ದ, ನಂಜನಗೂಡು ಕಡೆಯ ಒಬ್ಬ ಹೆಂಗಸು 20,000ಕ್ಕೆ ಬರುತ್ತೇನೆ ಅಂತಾರೆ. ಏಜೆನ್ಸಿಯಾದರೆ ಟ್ರೇನಿಂಗ್ ಆದ ನರ್ಸ್ ಬರುತ್ತಾರೆ, ಏನಾದರೂ ಆದರೆ ಅವರೇ ಜವಾಬ್ದಾರಿ ಅಂತ ಅಣ್ಣ ಹೇಳುತ್ತಾನೆ. ಪರಿಚಯದವರೇ ವಾಸಿ ಅಂತ ಅಪ್ಪ. ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರೋದೇ ಇಲ್ಲ ಅಂತ ನೆಂಟರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿದೆ. ಪರಿಚಯದವರು ನಡುವೆ ಕೈಕೊಟ್ಟರೆ ಅಪ್ಪ ಒಬ್ಬರೇ ಏನು ಮಾಡುತ್ತಾರೆ ಅನ್ನೋದು ಒಂದು. ಮುಖ ಪರಿಚಯವೂ ಇಲ್ಲದವರ ಕೈಗೆ, ಸರಿಯಾಗಿ ಮಾತಾಡಲಾರದ ಅಮ್ಮನನ್ನು ಬಿಟ್ಟು ಹೋಗೋದು ಹೇಗೆ ಅನ್ನೋದು ಇನ್ನೊಂದು. ಎರಡೂ ನ್ಯಾಯವಾದ ಭಯವೇ. ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳ ಮನೆಗಳಿಗೆ ಭೇಟಿ ಕೊಡುವ ನರ್ಸ್ ಆಗಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಈಗ ರೋಗಿಗಳನ್ನು ನೋಡಿಕೊಳ್ಳುವವರಿಗೆ ತರಬೇತಿ ಕೊಡುತ್ತೇನೆ. ಹಾಗಾಗಿ ಎರಡೂ ಕಡೆಯ ಒಳಗು ಹೊರಗು ಗೊತ್ತಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನಂಜನಗೂಡಿನ ಆ ಹೆಂಗಸೇ ನಿಮ್ಮ ಅಮ್ಮನಿಗೆ ಹೆಚ್ಚು ಹೊಂದಬಹುದು. ಆದರೆ ಎರಡು ಏರ್ಪಾಟು ಆಗಲೇಬೇಕು. ಕೆಲಸ ಗೊತ್ತಿರುವ ನರ್ಸ್ ಒಬ್ಬರು ತಿಂಗಳಿಗೆ ಎರಡು ಸಲವಾದರೂ ಬಂದು ಅಮ್ಮನನ್ನು ನೋಡಬೇಕು. ಆ ಹೆಂಗಸು ಬಾರದ ದಿನಕ್ಕೆ ಬದಲಿ ಯಾರು ಅನ್ನೋದು ಈಗಲೇ ಗೊತ್ತಾಗಿರಬೇಕು. ಇವೆರಡನ್ನೂ ಮಾಡೋಕೆ ಆಗದಿದ್ದರೆ ಏಜೆನ್ಸಿಗೆ ಹೋಗಿ. ಅಲ್ಲೂ ಎಂಥ ಏಜೆನ್ಸಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನಿಮ್ಮ ಅಣ್ಣನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ದೂರದಲ್ಲಿರುವ ಮಕ್ಕಳು ಹೆಚ್ಚಾಗಿ ಹೀಗೇ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಏಜೆನ್ಸಿ ಅಂತ ಬೋರ್ಡ್ ಹಾಕಿಕೊಂಡವರಲ್ಲಿ ಮೂರು ಥರ ಇದ್ದಾರೆ. ಒಂದನೆಯವರು ಬ್ಯೂರೋದವರು. ಜನರನ್ನು ಹುಡುಕಿಕೊಡುತ್ತಾರೆ, ಕಮಿಷನ್ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಫೋನ್ ಎತ್ತಿದರೆ ನಿಮ್ಮ ಪುಣ್ಯ. ಎರಡನೆಯವರು ತಿಂಗಳ ದುಡ್ಡನ್ನು ನಿಮ್ಮಿಂದ ತೆಗೆದುಕೊಂಡು, ತಮ್ಮ ಪಾಲು ಹಿಡಿದು ಉಳಿದದ್ದನ್ನು ಕೆಲಸದವರಿಗೆ ಕೊಡುತ್ತಾರೆ. ಒಬ್ಬರು ಹೋದರೆ ಇನ್ನೊಬ್ಬರನ್ನು ಕಳಿಸುತ್ತಾರೆ. ಆದರೆ ಮನೆಯೊಳಗೆ ಕೆಲಸ ಹೇಗೆ ನಡೆಯುತ್ತಿದೆ ಅಂತ ಬಂದು ನೋಡುವವರು ಯಾರೂ ಇಲ್ಲ. ಮೂರನೆಯವರು ಮಾತ್ರ ಶುರುವಿನಲ್ಲೇ ನರ್ಸ್ ಒಬ್ಬರನ್ನು ಮನೆಗೆ ಕಳಿಸಿ ರೋಗಿಯನ್ನು ನೋಡುತ್ತಾರೆ. ಏನೇನು ಮಾಡಬೇಕು ಅಂತ ಬರೆದುಕೊಡುತ್ತಾರೆ, ಆಗಾಗ ಬಂದು ಪರೀಕ್ಷೆ ಮಾಡುತ್ತಾರೆ. ನಿಮ್ಮ ಅಣ್ಣನ ಮನಸ್ಸಿನಲ್ಲಿರೋದು ಈ ಮೂರನೆಯವರು. 32,000 ಕೇಳಿದವರು ಯಾವ ಥರ ಅಂತ ತಿಳಿಯೋಕೆ ಒಂದೇ ಪ್ರಶ್ನೆ ಸಾಕು: "ನಿಮ್ಮ ನರ್ಸ್ ಅಮ್ಮನನ್ನು ನೋಡೋಕೆ ಮೊದಲ ತಿಂಗಳು ಎಷ್ಟು ಸಲ ಬರುತ್ತಾರೆ, ಅದನ್ನು ಬರೆದುಕೊಡುತ್ತೀರಾ?" ಉತ್ತರ ತಡವರಿಸಿದರೆ ಅವರು ಜನ ಒದಗಿಸುವವರು ಅಷ್ಟೇ ಅಂತ ತಿಳಿಯಿರಿ.

ಇನ್ನು ನರ್ಸ್ ಅನ್ನೋ ಮಾತು. ನಮ್ಮ ಕಡೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಎಲ್ಲರಿಗೂ ಹೋಂ ನರ್ಸ್ ಅಂತಾರೆ. ನಿಜವಾದ ನರ್ಸ್ ಅಂದರೆ ನರ್ಸಿಂಗ್ ಕೋರ್ಸ್ ಓದಿದವರು. ಎಎನ್ಎಂ (ಸಹಾಯಕ ನರ್ಸ್, ಸೂಲಗಿತ್ತಿ ತರಬೇತಿ) ಎರಡು ವರ್ಷದ ಕೋರ್ಸ್, ಜಿಎನ್ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇದನ್ನು ಓದಿದವರಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ, ಅಂದರೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ತೋರಿಸಬೇಕು. 24 ಗಂಟೆಗೆ ತಿಂಗಳಿಗೆ 32,000 ಅಂದರೆ ಬರುವವರು ಬಹುಪಾಲು ಅಟೆಂಡರ್. ಕೆಲವರಿಗೆ ಕೆಲವು ತಿಂಗಳ ತರಬೇತಿ ಇರುತ್ತದೆ. ಕೆಲವರು ಇನ್ನೊಬ್ಬರು ಮಾಡೋದನ್ನು ನೋಡಿ ಕಲಿತವರು. ಅದರಲ್ಲಿ ತಪ್ಪೇನಿಲ್ಲ, ನಿಮ್ಮ ಅಮ್ಮನಿಗೆ ಈಗ ಬೇಕಾಗಿರೋದೂ ಹೆಚ್ಚಿನ ಮಟ್ಟಿಗೆ ಅಟೆಂಡರ್ ಕೆಲಸವೇ. ಆದರೆ ನರ್ಸ್ ಇದ್ದಾರೆ ಅಂದುಕೊಂಡು ಅಣ್ಣ ಅಲ್ಲಿ ನಿಶ್ಚಿಂತೆಯಿಂದ ಇರೋದು ಬೇಡ.

ಏನಾದರೂ ಆದರೆ ಏಜೆನ್ಸಿಯವರೇ ಜವಾಬ್ದಾರಿ ಅಂತಾರಲ್ಲ, ಅಗ್ರಿಮೆಂಟನ್ನು ಕೊನೆಯ ಪುಟದ ತನಕ ಓದಿ. ಕಳ್ಳತನಕ್ಕೆ, ರೋಗಿ ಬಿದ್ದರೆ, ಔಷಧಿ ತಪ್ಪಿದರೆ ನಾವು ಹೊಣೆಯಲ್ಲ ಅನ್ನೋ ಸಾಲುಗಳನ್ನು ನಾನು ಎಷ್ಟೋ ಅಗ್ರಿಮೆಂಟಿನಲ್ಲಿ ನೋಡಿದ್ದೇನೆ. "ರಿಜಿಸ್ಟರ್ಡ್ ಏಜೆನ್ಸಿ" ಅಂತ ಹಾಕಿಕೊಂಡಿದ್ದರೂ ಅದು ಹೆಚ್ಚಾಗಿ ಕಂಪನಿ ನೋಂದಣಿಯೋ ಅಂಗಡಿ ನೋಂದಣಿಯೋ ಆಗಿರುತ್ತದೆ. ಆರೈಕೆ ಚೆನ್ನಾಗಿದೆಯಾ ಅಂತ ಯಾರೋ ಬಂದು ನೋಡಿ ಕೊಟ್ಟ ಸರ್ಟಿಫಿಕೇಟ್ ಅಂತ ಅದನ್ನು ತಿಳಿಯಬೇಡಿ. ಹಿರಿಯರ ಮನೆ ಆರೈಕೆ ಕೊಡುವ ಸಂಸ್ಥೆಗಳು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಅನ್ನೋ ಅಂಶ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಇತ್ತು. ಅದು ಕಾನೂನಾಗಲೇ ಇಲ್ಲ. ಆಗಿದ್ದರೆ ನಿಮ್ಮಂಥವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಈಗ ನೆಂಟರ ಮಾತಿಗೆ ಬರೋಣ. ಊರಿಗೆ ಹೋದವರು ವಾಪಸ್ ಬರೋದಿಲ್ಲ ಅನ್ನೋದು ಪೂರ್ತಿ ಸುಳ್ಳಲ್ಲ. ಆದರೆ ಏಜೆನ್ಸಿಯವರೂ ಹಾಗೇ ಬಿಟ್ಟುಹೋಗುತ್ತಾರೆ. ಏಜೆನ್ಸಿ ಮೂಲಕ ಮೂರು ತಿಂಗಳಲ್ಲಿ ಐದಾರು ಜನ ಬದಲಾದ ಮನೆಗಳನ್ನು ನೋಡಿದ್ದೇನೆ. ಬದಲಿ ಸಿಕ್ಕಿತು ಅನ್ನೋ ಸಮಾಧಾನ ಮನೆಯವರಿಗೆ ಇರುತ್ತದೆ. ರೋಗಿಗೆ ಮಾತ್ರ ಪ್ರತಿ ಸಲ ಹೊಸ ಕೈ, ಹೊಸ ಮುಖ.

ಅವರು ಯಾಕೆ ಹೋಗುತ್ತಾರೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ದಾರಿ ಹಿಡಿದರೂ ಈ ಕಾರಣಗಳು ನಿಮ್ಮ ಮನೆ ಬಾಗಿಲಿಗೆ ಬಂದೇ ಬರುತ್ತವೆ.

ನಿದ್ದೆ ಇಲ್ಲದಿರೋದು ದೊಡ್ಡ ಕಾರಣ. 24 ಗಂಟೆ ಅಂತ ನಾವು ಸುಲಭವಾಗಿ ಹೇಳುತ್ತೇವೆ. ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ತಿರುಗಿಸಿ, ಡೈಪರ್ ಬದಲಿಸಿ, ನೀರು ಕುಡಿಸಿದವರು ಬೆಳಿಗ್ಗೆ ಆರಕ್ಕೆ ಮತ್ತೆ ಎದ್ದು ಸ್ನಾನ ಮಾಡಿಸಬೇಕು. ಹೀಗೆ ಒಂದು ತಿಂಗಳು ಕಳೆದರೆ ಎಂಥ ಒಳ್ಳೆಯವರಾದರೂ ಸಿಡುಕುತ್ತಾರೆ. ಆಮೇಲೆ ಎತ್ತುವಾಗ ಕೈ ತಪ್ಪುತ್ತದೆ. ಅದಾದ ಮೇಲೆ ಬಿಟ್ಟುಹೋಗುತ್ತಾರೆ. ನೀವು ಇನ್ನೂ ಮೈಸೂರಿನಲ್ಲೇ ಇದ್ದೀರಲ್ಲ, ಮೂರು ರಾತ್ರಿ ಒಂದು ಕೆಲಸ ಮಾಡಿ. ಅಮ್ಮನಿಗೋಸ್ಕರ ಎಷ್ಟು ಸಲ ಏಳಬೇಕಾಯಿತು, ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಬರೆದಿಡಿ. ಒಂದೆರಡು ಸಲವಾದರೆ ಮನೆಯಲ್ಲೇ ಇರುವ ಒಬ್ಬರು ನಿಭಾಯಿಸಬಹುದು, ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಟ್ಟರೆ. ನಾಲ್ಕೈದು ಸಲ ಏಳಬೇಕಾದರೆ ಅದು ಒಬ್ಬರ ಕೆಲಸವಲ್ಲ. ಏಜೆನ್ಸಿಯವರಿಗೂ ಆಗೋದಿಲ್ಲ, ಪರಿಚಯದವರಿಗೂ ಆಗೋದಿಲ್ಲ. ಆಗ ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು ಬೇಕು. ಖರ್ಚು ಜಾಸ್ತಿ, ಆದರೆ ಇದನ್ನು ಒಪ್ಪಿಕೊಳ್ಳದೆ ಒಬ್ಬರ ಮೇಲೇ ಎಲ್ಲ ಹಾಕಿದ ಮನೆಗಳಲ್ಲೇ ಪದೇ ಪದೇ ಜನ ಬದಲಾಗೋದು.

ಇನ್ನೊಂದು ಕಾರಣ ಮನೆಯವರು ನಡೆಸಿಕೊಳ್ಳುವ ರೀತಿ. ಇದನ್ನು ಹೇಳೋಕೆ ಮುಜುಗರವೇ, ಆದರೂ ಹೇಳುತ್ತೇನೆ. ಬೇರೆ ತಟ್ಟೆ, ಬೇರೆ ಲೋಟ, ಅಡುಗೆಮನೆಗೆ ಬರಬೇಡಿ, ನಿಮ್ಮದು ಯಾವ ಜಾತಿ ಅನ್ನೋ ಪ್ರಶ್ನೆ. ಅಮ್ಮನ ಮಲ ಮೂತ್ರ ತೆಗೆದು ಮೈ ಒರೆಸುವವರಿಗೆ ಒಂದು ಲೋಟ ಕಾಫಿಯನ್ನು ದೂರದಿಂದ ಕೊಡೋದು ಅಂದರೆ ಅದು ಅವರಿಗೆ ಅರ್ಥವಾಗದೆ ಇರುತ್ತದಾ? ಎಷ್ಟೋ ಜನ "ಊರಲ್ಲಿ ಹಬ್ಬ" ಅಂತ ಹೇಳಿ ಹೋಗೋದು ಈ ಕಾರಣಕ್ಕೆ. ಅಪ್ಪನ ಹತ್ತಿರ ಇದನ್ನು ನೀವೇ ಮೊದಲು ಮಾತಾಡಿ. ಆಮೇಲೆ ಮನೆಯ ಬಾಕಿ ಕೆಲಸ. ರೋಗಿಗೆ ಅಂತ ಬಂದವರಿಗೆ ನಿಧಾನಕ್ಕೆ ಪಾತ್ರೆ, ಬಟ್ಟೆ, ಸೊಪ್ಪು ಬಿಡಿಸೋದು, ಬಂದ ನೆಂಟರಿಗೆ ಕಾಫಿ ಎಲ್ಲ ಸೇರಿಕೊಳ್ಳುತ್ತದೆ. ಅಮ್ಮನ ಊಟ, ಅಮ್ಮನ ಬಟ್ಟೆ, ಅಮ್ಮನ ಕೋಣೆ ಅವರದು. ಉಳಿದದ್ದಕ್ಕೆ ಮನೆಕೆಲಸದವರು ಬೇರೆ ಇರಲಿ.

ಏಜೆನ್ಸಿಯವರು ಬಿಟ್ಟುಹೋಗೋಕೆ ಇನ್ನೂ ಒಂದು ಕಾರಣ ಸೇರುತ್ತದೆ. ನೀವು ಕೊಡುವ 32,000ದಲ್ಲಿ ಕೆಲಸದವರ ಕೈಗೆ ಎಷ್ಟು ಹೋಗುತ್ತದೆ ಅಂತ ಏಜೆನ್ಸಿಯವರನ್ನೂ ಕೇಳಿ, ಬಂದವರನ್ನೂ ಕೇಳಿ. ಎರಡು ಉತ್ತರಗಳು ತಾಳೆಯಾಗದಿದ್ದರೆ, ಅಥವಾ ಅರ್ಧದ ಆಸುಪಾಸಿನಲ್ಲಿದ್ದರೆ, ಅವರು ಹೆಚ್ಚು ದಿನ ನಿಲ್ಲುವುದಿಲ್ಲ.

ದುಡ್ಡಿನ ಮಾತು ಬಂತಲ್ಲ, ನಿಮ್ಮ ಲೆಕ್ಕವನ್ನೇ ನೋಡೋಣ. ಮೇಲ್ನೋಟಕ್ಕೆ ತಿಂಗಳಿಗೆ 12,000 ಉಳಿತಾಯ, ವರ್ಷಕ್ಕೆ 1,44,000. ಆದರೆ ಪರಿಚಯದವರನ್ನು ಸರಿಯಾಗಿ ಇಟ್ಟುಕೊಳ್ಳಬೇಕು ಅಂದರೆ 20,000ಕ್ಕೆ ಮುಗಿಯೋದಿಲ್ಲ. ವಾರಕ್ಕೊಂದು ರಜೆ ಕೊಡಬೇಕು, ಆ ದಿನಕ್ಕೆ ಬದಲಿಯವರು. ದಿನಕ್ಕೆ 1,000 ಅಂತ ಹಿಡಿದರೂ ತಿಂಗಳಿಗೆ 4,000. ವರ್ಷಕ್ಕೆ ಒಂದು ತಿಂಗಳ ಸಂಬಳ ಹಬ್ಬದ ಬೋನಸ್ ಅಂದರೆ ತಿಂಗಳಿಗೆ ಸುಮಾರು 1,700. ನರ್ಸ್ ಎರಡು ಸಲ ಬಂದು ನೋಡೋಕೆ ಸಲಕ್ಕೆ 800 ಅಂದುಕೊಂಡರೆ 1,600. ಒಟ್ಟು 27,300 ಆಯಿತು. ನಾನು ಹಿಡಿದ ದರಗಳು ಅಂದಾಜು, ನಿಮ್ಮ ಬಡಾವಣೆಯ ದರ ಹಾಕಿ ಲೆಕ್ಕ ಮಾಡಿ. ನಿಜವಾದ ವ್ಯತ್ಯಾಸ ಐದು ಸಾವಿರದ ಆಸುಪಾಸು ಅಂತ ಗೊತ್ತಾದ ಮೇಲೆ ನೀವು ದುಡ್ಡಿಗೋಸ್ಕರ ಆಯ್ಕೆ ಮಾಡೋದಿಲ್ಲ, ಅಮ್ಮನಿಗೆ ಯಾರು ಸರಿ ಅಂತ ನೋಡುತ್ತೀರಿ.

ಹಾಗೆ ನೋಡಿದಾಗ ನನಗೆ ದೊಡ್ಡದಾಗಿ ಕಾಣುವ ವಿಷಯ ಅಮ್ಮನ ಮಾತು. ದೇಹದ ಬಲಭಾಗವನ್ನು ನಡೆಸೋದು ಮಿದುಳಿನ ಎಡಭಾಗ. ಹೆಚ್ಚಿನವರಲ್ಲಿ ಮಾತಿನ ಕೇಂದ್ರವೂ ಅಲ್ಲೇ ಇದೆ. ಅದಕ್ಕೇ ಬಲಗೈಯ ಜೊತೆ ಮಾತೂ ಕೈಕೊಟ್ಟಿದೆ. ಅವರಿಗೆ ನೀರು ಬೇಕಾದಾಗ "ಅದು, ಅದು" ಅಂತ ಮಾತ್ರ ಬರಬಹುದು. ಅದನ್ನು ಹಿಡಿಯೋಕೆ ಅಮ್ಮನ ಕನ್ನಡವೇ ಗೊತ್ತಿರುವವರು ಬೇಕು. ದೂರದ ರಾಜ್ಯದಿಂದ ಬಂದ ಹುಡುಗಿಯರು ಎಷ್ಟೋ ಜನ ಬಹಳ ಚೆನ್ನಾಗಿ ಕೆಲಸ ಮಾಡುತ್ತಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಮಾತು ಮತ್ತೆ ಕೂಡಿಸಿಕೊಳ್ಳುತ್ತಿರುವ ರೋಗಿಯ ಹತ್ತಿರ ದಿನವಿಡೀ ಇರುವವರು ಕನ್ನಡದಲ್ಲಿ ಮಾತಾಡಿಸಬೇಕು. ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು ವೇಗವಾಗಿ ಆಗುತ್ತದೆ. ಆಮೇಲೂ ಆಗುತ್ತದೆ, ನಿಧಾನವಾಗಿ. ನಿಮಗೆ ಐದು ವಾರ ಆಗಲೇ ಕಳೆದಿದೆ. ಈ ಹೊತ್ತಿನಲ್ಲಿ ತಿಂಗಳಿಗೊಬ್ಬರು ಬದಲಾಗೋದು ಅಮ್ಮನಿಗೆ ನಷ್ಟ.

ಇಷ್ಟೆಲ್ಲ ಹೇಳಿದರೂ ಆ ಹೆಂಗಸಿಗೆ ಕೆಲಸ ಬರುತ್ತದಾ ಅಂತ ಕಣ್ಣಾರೆ ನೋಡದೆ ಒಪ್ಪಬೇಡಿ. ನಾಲ್ಕು ವರ್ಷ ಒಬ್ಬರನ್ನು ನೋಡಿಕೊಂಡಿದ್ದಾರೆ ಅಂದರೆ ತಾಳ್ಮೆ ಇದೆ ಅಂತ ಅರ್ಥ. ಸ್ಟ್ರೋಕ್ ರೋಗಿಯನ್ನು ನಿಭಾಯಿಸೋದು ಗೊತ್ತಿದೆ ಅಂತ ಅರ್ಥವಲ್ಲ. ನೀವು ಮನೆಯಲ್ಲಿರುವಾಗಲೇ ಎರಡು ದಿನ ಬರಹೇಳಿ, ಆ ಎರಡು ದಿನದ ಕೂಲಿ ಕೊಡಿ. ಎರಡು ಸಂದರ್ಭಗಳನ್ನು ಹತ್ತಿರದಿಂದ ನೋಡಿ.

ಒಂದು, ಅಮ್ಮನನ್ನು ಮಂಚದಿಂದ ಕುರ್ಚಿಗೆ ಕೂರಿಸುವಾಗ. ಗೊತ್ತಿಲ್ಲದವರು ಬಲಗೈ ಹಿಡಿದು ಎಳೆಯುತ್ತಾರೆ, ಇಲ್ಲವೇ ಕಂಕುಳಿಗೆ ಕೈಹಾಕಿ ಎತ್ತುತ್ತಾರೆ. ಸ್ವಾಧೀನವಿಲ್ಲದ ಕಡೆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳಿಗೆ ಬಲವಿರೋದಿಲ್ಲ. ಹೀಗೆ ಎಳೆದರೆ ಕೀಲು ಜಾರಿ, ತಿಂಗಳುಗಟ್ಟಲೆ ಭುಜದ ನೋವು ಅಂಟಿಕೊಳ್ಳುತ್ತದೆ. ಆ ನೋವಿಗೆ ಹೆದರಿ ರೋಗಿ ಫಿಸಿಯೋಥೆರಪಿಯನ್ನೇ ಬೇಡ ಅನ್ನುತ್ತಾರೆ. ಗೊತ್ತಿರುವವರು ಕುರ್ಚಿಯನ್ನು ಸರಿಯಿರುವ ಎಡಗಡೆಗೆ ಹಾಕುತ್ತಾರೆ, ವೀಲ್‌ಚೇರ್ ಆದರೆ ಬ್ರೇಕ್ ಹಾಕುತ್ತಾರೆ. ಅಮ್ಮನನ್ನು ಮಂಚದ ಅಂಚಿನಲ್ಲಿ ಕೂರಿಸಿ ಒಂದು ನಿಮಿಷ ಬಿಡುತ್ತಾರೆ. ಎದುರು ನಿಂತು ಬಲ ಮಂಡಿಗೆ ತಮ್ಮ ಮಂಡಿಯ ಆಸರೆ ಕೊಟ್ಟು, ಸೊಂಟದ ಹತ್ತಿರ ಹಿಡಿದು, "ಏಳೋಣ್ವಾ ಅಮ್ಮಾ" ಅಂತ ಹೇಳಿ ಎಬ್ಬಿಸುತ್ತಾರೆ. ಹೇಳದೆ ಕೇಳದೆ ಎತ್ತುವವರು ರೋಗಿಯನ್ನು ಸಾಮಾನಿನ ಹಾಗೆ ನೋಡುತ್ತಿದ್ದಾರೆ ಅಂತ ಲೆಕ್ಕ.

ಇನ್ನೊಂದು, ಊಟ ಮಾಡಿಸುವಾಗ. ನಳಿಕೆ ತೆಗೆದು ಹೆಚ್ಚು ದಿನ ಆಗಿಲ್ಲ. ಮಲಗಿದ ಭಂಗಿಯಲ್ಲಿ, ಒರಗಿದ ಭಂಗಿಯಲ್ಲಿ ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಬೇಕು. ಚಿಕ್ಕ ಚಮಚ, ಒಂದು ತುತ್ತು ನುಂಗಿದ ಮೇಲೇ ಇನ್ನೊಂದು. ಬಲ ಕೆನ್ನೆಯ ಒಳಗೆ ಅನ್ನ ಉಳಿದುಕೊಳ್ಳುತ್ತದೆ, ಅದು ಅಮ್ಮನಿಗೆ ಗೊತ್ತಾಗೋದೇ ಇಲ್ಲ. ಊಟವಾದ ಮೇಲೆ ಬಾಯಿ ತೆರೆಸಿ ನೋಡುತ್ತಾರಾ? ಅರ್ಧ ಗಂಟೆ ಕೂರಿಸಿಯೇ ಇರುತ್ತಾರಾ? ನೀರು ಕುಡಿದಾಗ ಕೆಮ್ಮು ಬಂದರೆ, ಗಂಟಲು ಗೊರಗೊರ ಅಂದರೆ ನಿಲ್ಲಿಸಿ ನಿಮಗೆ ಹೇಳುತ್ತಾರಾ? ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಇದು ಕಲಿಸಿದರೆ ಬರುತ್ತದೆ. ಹೇಳಿಕೊಟ್ಟಾಗ "ನಂಗೆ ಎಲ್ಲ ಗೊತ್ತು" ಅನ್ನುವವರ ಬಗ್ಗೆ ಮಾತ್ರ ಹುಷಾರಾಗಿರಿ. ಏಜೆನ್ಸಿಯಿಂದ ಬಂದವರಿಗೂ ಇದೇ ಪರೀಕ್ಷೆ.

ಬೆನ್ನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮಲಗಿದಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ ಇವನ್ನು ದಿನಾ ನೋಡಬೇಕು. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಪಾಗದೆ ಕೆಂಪಾಗೇ ಉಳಿದರೆ ಅದು ಹುಣ್ಣಿನ ಶುರು. ಅಂಥ ಜಾಗಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕೋದು ನಮ್ಮಲ್ಲಿ ಹಳೆಯ ಅಭ್ಯಾಸ. ತಿಕ್ಕಿದರೆ ಚರ್ಮ ಇನ್ನೂ ಹಾಳಾಗುತ್ತದೆ. ಹಳಬರು, ಅನುಭವಸ್ಥರು ಅನ್ನಿಸಿಕೊಂಡವರೇ ಇದನ್ನು ಮಾಡೋದು ಜಾಸ್ತಿ. ಮೇಲೆ ಹೇಳಿದ ನರ್ಸ್ ಭೇಟಿ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ಇನ್ಸುಲಿನ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಇನ್ಸುಲಿನ್ ಪೆನ್ನಿನಲ್ಲಿ ಡೋಸ್ ತಿರುಗಿಸಿ ಚುಚ್ಚೋದು ಅಪ್ಪ ಮಾಡಬಲ್ಲರಾ? ಕಣ್ಣು, ಕೈ ಸರಿಯಿದ್ದರೆ ಪೆನ್ ಬಳಸೋದನ್ನು ಅವರು ಕಲಿಯಬಹುದು. ಆಗದಿದ್ದರೆ ನೋಡಿಕೊಳ್ಳುವವರಿಗೆ ನರ್ಸ್ ಎದುರಿಗೇ ಕಲಿಸಿ, ಪ್ರತಿ ಸಲ ಪೆನ್ನಿನ ಸಂಖ್ಯೆಯನ್ನು ಅಪ್ಪ ನೋಡಿ ಹೂಂ ಅಂದ ಮೇಲೇ ಚುಚ್ಚಬೇಕು ಅಂತ ನಿಯಮ ಮಾಡಿ. ಎಷ್ಟು ಯೂನಿಟ್ ಅಂತ ಡಾಕ್ಟರ್ ಬರೆದ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಊಟ ಕಡಿಮೆಯಾದ ದಿನ ಇನ್ಸುಲಿನ್ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಈಗಲೇ ಕೇಳಿ ಬರೆಸಿಕೊಳ್ಳಿ. ಬೆವರು, ನಡುಕ, ತಬ್ಬಿಬ್ಬು ಕಂಡರೆ ಗ್ಲೂಕೋಮೀಟರಿನಲ್ಲಿ ನೋಡಬೇಕು. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿದ್ದು ನುಂಗೋಕೆ ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ನಿಧಾನಕ್ಕೆ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ನೀರು ಕುಡಿದರೆ ಕೆಮ್ಮು ಬರುವವರಿಗೆ ಇದನ್ನು ಯಾವ ರೂಪದಲ್ಲಿ ಕೊಡಬೇಕು ಅಂತಲೂ ಡಾಕ್ಟರನ್ನೇ ಕೇಳಿಟ್ಟುಕೊಳ್ಳಿ. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ 108ಕ್ಕೆ ಫೋನ್. ಮತ್ತೆ ಮೂಗಿನ ನಳಿಕೆ, ಮೂತ್ರದ ನಳಿಕೆ ಹಾಕಬೇಕಾಗಿ ಬಂದರೆ ಅಥವಾ ಬೆನ್ನು ಹುಣ್ಣು ಆದರೆ ನನ್ನ ಸಲಹೆ ಬದಲಾಗುತ್ತದೆ. ಆಗ ನೋಂದಣಿ ಇರುವ ನರ್ಸ್ ಕಳಿಸುವ ಏಜೆನ್ಸಿಯೇ ಬೇಕು.

ಪರಿಚಯದವರು ಅಂತ ಪೊಲೀಸ್ ವೆರಿಫಿಕೇಷನ್ ಬಿಡಬೇಡಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಠಾಣೆಯಲ್ಲಿ ವಿಚಾರಿಸಿ. ಅವರಿಗೆ ಮೊದಲೇ ಹೇಳಿ ಮಾಡಿ. ಆಧಾರ್ ಪ್ರತಿ ಇಟ್ಟುಕೊಳ್ಳಿ, ಮೂಲ ಕಾರ್ಡು ಹಿಡಿದಿಟ್ಟುಕೊಳ್ಳಬೇಡಿ, ಅದು ಸರಿಯಲ್ಲ. ಪೊಲೀಸ್ ದಾಖಲೆಯಲ್ಲಿ ಗೊತ್ತಾಗೋದು ಕೇಸು ಇದೆಯಾ ಇಲ್ಲವಾ ಅಂತ ಮಾತ್ರ. ಕೈಗುಣ ಗೊತ್ತಾಗೋದು ಹಿಂದಿನ ಮನೆಯಲ್ಲಿ. ಪಕ್ಕದ ಬೀದಿಯವರ ಹತ್ತಿರ ಸುಮ್ನೆ "ಒಳ್ಳೆಯವರಾ?" ಅಂತ ಕೇಳಿದರೆ ಒಳ್ಳೆಯವರು ಅಂತಲೇ ಹೇಳುತ್ತಾರೆ. ಕೊನೆಯ ದಿನಗಳಲ್ಲಿ ಅತ್ತೆಯವರಿಗೆ ಬೆನ್ನು ಹುಣ್ಣು ಆಗಿತ್ತಾ, ಎಷ್ಟು ದಿನ ಹೇಳದೆ ರಜೆ ಹಾಕಿದ್ದರು, ಅತ್ತೆಯವರು ಹಟ ಮಾಡಿದಾಗ ಏನು ಮಾಡುತ್ತಿದ್ದರು ಅಂತ ಕೇಳಿ.

ಅವರು ಬರೋದಕ್ಕೆ ಮೊದಲೇ ಅಮ್ಮನ ಬಳೆ, ಸರ, ಓಲೆ ಎಲ್ಲ ಬ್ಯಾಂಕ್ ಲಾಕರಿಗೆ ಹೋಗಲಿ. ಇದು ಅನುಮಾನದ ಮಾತಲ್ಲ. ಮರೆತು ಎಲ್ಲೋ ಇಟ್ಟ ಉಂಗುರ ಸಿಗದಿದ್ದಾಗ ಮೊದಲು ಬೆರಳು ತೋರಿಸೋದು ಅವರ ಕಡೆಗೇ. ಆ ಅಪವಾದದಿಂದ ಅವರನ್ನೂ ಕಾಪಾಡಬೇಕು. ಕ್ಯಾಮೆರಾ ಹಾಕೋದಾದರೆ ಹಾಲ್‌ನಲ್ಲಿ ಹಾಕಿ, ಅವರಿಗೆ ತಿಳಿಸಿ ಹಾಕಿ. ಅಮ್ಮನ ಬಟ್ಟೆ ಬದಲಿಸುವ ಜಾಗ, ಅವರು ಮಲಗುವ ಜಾಗ ಅದರಲ್ಲಿ ಬರಬಾರದು.

ಒಪ್ಪಂದವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಸಂಬಳ, ಯಾವ ತಾರೀಖು, ವಾರದ ರಜೆ ಯಾವತ್ತು, ಊರಿನ ಜಾತ್ರೆ ಹಬ್ಬಗಳು ಯಾವ ತಿಂಗಳು, ಕೆಲಸ ಬಿಡುವುದಾದರೆ ಹದಿನೈದು ದಿನ ಮುಂಚೆ ಹೇಳಬೇಕು, ನೀವು ಬಿಡಿಸುವುದಾದರೂ ಅಷ್ಟೇ. ಸಂಬಳ ಬ್ಯಾಂಕ್ ಖಾತೆಗೇ ಹಾಕಿ. ಎತ್ತುವಾಗ ಅವರ ಸೊಂಟ ಹಿಡಿದರೆ, ಬಿದ್ದರೆ, ನೋಡುವವರು ನೀವೇ. ಆ ಖರ್ಚಿಗೆ ಸ್ವಲ್ಪ ದುಡ್ಡು ಬೇರೆ ತೆಗೆದಿಡಿ. ಅದರ ಜೊತೆಗೆ ಅವರ ಬ್ಯಾಂಕ್ ಖಾತೆಯಲ್ಲೇ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಬಹುದು. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ವಯಸ್ಸು 50ರ ಒಳಗಿದ್ದರೆ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಜೀವವಿಮೆಯನ್ನೂ ಮಾಡಿಸಬಹುದು. ಎರಡೂ ಸೇರಿ ವರ್ಷಕ್ಕೆ 456, ಇದನ್ನು ನೀವೇ ಕಟ್ಟಿ.

ಏಜೆನ್ಸಿಗೇ ಹೋಗುವುದಾದರೆ ಅಗ್ರಿಮೆಂಟಿನಲ್ಲಿ ಇಷ್ಟು ಹುಡುಕಿ: ಬದಲಿಯವರು ಎಷ್ಟು ಗಂಟೆಯೊಳಗೆ ಬರುತ್ತಾರೆ, ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಬಾರದ ದಿನಗಳ ದುಡ್ಡು ಕಳೆಯುತ್ತಾರಾ, ಅವರು ಕಳಿಸಿದವರನ್ನು ಮುಂದೆ ನೀವೇ ನೇರವಾಗಿ ಇಟ್ಟುಕೊಂಡರೆ ದಂಡ ಎಷ್ಟು. ಕೊನೆಯದು ಮುಖ್ಯ. ಮೊದಲು ಏಜೆನ್ಸಿ, ಆಮೇಲೆ ಅವರನ್ನೇ ನೇರವಾಗಿ ಇಟ್ಟುಕೊಳ್ಳೋಣ ಅಂತ ಬಹಳ ಮನೆಯವರು ಅಂದುಕೊಳ್ಳುತ್ತಾರೆ. ಒಪ್ಪಂದ ಮುರಿದರೆ ಕೆಲಸದವರ ಸಂಬಳವನ್ನೇ ಹಿಡಿದುಕೊಂಡಿದ್ದನ್ನು ನೋಡಿದ್ದೇನೆ.

ಮೇಲ್ವಿಚಾರಣೆ ಅಪ್ಪನ ಮೇಲೆ ಬಿಡಬೇಡಿ. ಅವರಿಗೂ 79. ಐದು ವಾರದಿಂದ ಅವರೂ ಸರಿಯಾಗಿ ನಿದ್ದೆ ಮಾಡಿರೋದಿಲ್ಲ. ಮೈಸೂರಿನಲ್ಲೇ ಇರುವ ಚಿಕ್ಕಮ್ಮನೋ, ಅತ್ತೆಯ ಮಗಳೋ, ಗೆಳತಿಯೋ, ಯಾರಾದರೂ ಒಬ್ಬರು ವಾರಕ್ಕೊಮ್ಮೆ ಹೇಳದೆ ಹೋಗಿ ಬರಲಿ. ಅವರು ನೋಡಬೇಕಾದ್ದು: ತೋಳಿನ ಮೇಲೆ ಬೆರಳಿನ ಗುರುತು ಇದೆಯಾ, ಹತ್ತಿರ ಹೋದಾಗ ಅಮ್ಮ ಬೆಚ್ಚುತ್ತಾರಾ, ಹಗಲೆಲ್ಲ ಕಾರಣವಿಲ್ಲದೆ ಮಂಪರಿನಲ್ಲಿರುತ್ತಾರಾ. ರಾತ್ರಿ ತೊಂದರೆ ಆಗದಿರಲಿ ಅಂತ ನಿದ್ದೆ ಮಾತ್ರೆ ಕೊಡೋದು ಉಂಟು. ಮಾತ್ರೆ ಪಟ್ಟಿಗಳನ್ನು ಎಣಿಸಿದರೆ ಗೊತ್ತಾಗುತ್ತದೆ. ಏಜೆನ್ಸಿಯವರಿದ್ದರೂ ಇದನ್ನೆಲ್ಲ ನೋಡಬೇಕು. ಗಂಭೀರವಾದದ್ದು ಕಂಡರೆ ಹಿರಿಯರ ಸಹಾಯವಾಣಿ 14567 ಇದೆ. ಆ ನಂಬರನ್ನು ಅಪ್ಪನ ಫೋನಿನಲ್ಲಿ ಈಗಲೇ ಹಾಕಿಕೊಡಿ.

ನಿಮ್ಮ ರಜೆಯಲ್ಲಿ ಉಳಿದ ದಿನಗಳನ್ನು ಇದಕ್ಕೇ ಬಳಸಿ. ಎರಡು ದಿನದ ಪರೀಕ್ಷೆ ಸರಿಹೋದರೆ ಹದಿನೈದು ದಿನದ ಮಟ್ಟಿಗೆ ಇಟ್ಟುಕೊಳ್ಳಿ. ಮೊದಲ ವಾರವಾದರೂ ನೀವು ಜೊತೆಯಲ್ಲಿರಿ. ಆ ವಾರದಲ್ಲೇ ನರ್ಸ್ ಒಮ್ಮೆ ಬಂದು ಹೋಗಲಿ. ಫಿಸಿಯೋ ಬಂದಾಗ ಆ ಹೆಂಗಸು ಪಕ್ಕದಲ್ಲೇ ನಿಂತು ವ್ಯಾಯಾಮ ಕಲಿಯಲಿ. ಬದಲಿಯವರನ್ನೂ ಒಂದು ದಿನ ಕರೆಸಿ ಅಮ್ಮನ ಪರಿಚಯ ಮಾಡಿಸಿ, ಅವರ ಊರಿನವರೇ ಯಾರಾದರೂ ಇದ್ದಾರಾ ಅಂತ ಆ ಹೆಂಗಸನ್ನೇ ಕೇಳಿದರೆ ಸಾಮಾನ್ಯವಾಗಿ ಸಿಗುತ್ತಾರೆ. ಅಮ್ಮನ ದಿನಚರಿ, ಔಷಧಿ, ಎತ್ತುವ ರೀತಿ, ಅವರು ಯಾವ ಸನ್ನೆ ಮಾಡಿದರೆ ಏನು ಬೇಕು ಅನ್ನೋದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಹದಿನೈದು ದಿನದಲ್ಲಿ ಸರಿಬರಲಿಲ್ಲ ಅನ್ನಿಸಿದರೆ ಲೆಕ್ಕ ಚುಕ್ತಾ ಮಾಡಿ, ಮರ್ಯಾದೆಯಿಂದ ಕಳಿಸಿ, ಮೂರನೆಯ ಥರದ ಏಜೆನ್ಸಿಗೆ ಫೋನ್ ಮಾಡಿ. ಅಲ್ಲಿಂದ ಬಂದವರ ಕೈಗೆ ಮೊದಲ ದಿನವೇ ಅದೇ ನೋಟ್‌ಬುಕ್ ಕೊಡಿ.